ವಧುವಿನ ಗಾಡಿ ಓಡಿಸುವವನಿಗೆ

ಐನ್ ದರ್ದಾರ್
೧೪ ಮಾರ್ಚ್ ೨೦೦೩

ಮಾನ್ಯ ರಸಾಯನಶಾಸ್ತ್ರದ ಅಧ್ಯಾಪಕಿ ನಜ್ಲಾ ಅವರಿಗೆ,

ನಿಮ್ಮ ಮನೆಗೂ ನನ್ನ ಭಟ್ಟಿಗೂ ನಡುವೆ ಇರುವುದು ಒಂದು ಇಳಿಜಾರು, ಪಾದ್ರಿ ಬಶೀರರ ಕೋಳಿಗೂಡು, ಇಷ್ಟೇ. ಆದರೂ ಕಾಗದ ಬರೆಯುತ್ತಿದ್ದೇನೆ. ನಿಮ್ಮೊಂದಿಗೆ ಇನ್ನು ಮಾತಿಲ್ಲ ಎಂದು ನಿನ್ನೆ ಬೇಕರಿಯಲ್ಲಿ ಎಲ್ಲರ ಎದುರು ಹೇಳಿಬಿಟ್ಟಿದ್ದೇನೆ. ಬರೆಯುವುದಿಲ್ಲ ಎಂದು ಹೇಳಿಲ್ಲ.

ವಿಷಯ ನಿಮಗೆ ಗೊತ್ತೇ ಇದೆ. ನನ್ನ ಅಜ್ಜನ ಹೆಸರು ಅಂಟಿಸಿದ ಅರಕ್ ಬಾಟಲಿಯನ್ನು ನೀವು ತರಗತಿಗೆ ಒಯ್ದಿರಿ. ಒಂದು ಲೋಟಕ್ಕೆ ಮೊಟ್ಟೆಯ ಲೋಳೆ ಹಾಕಿ, ಅದರ ಮೇಲೆ ನನ್ನ ಅರಕ್ ಸುರಿದಿರಿ. ಲೋಳೆ ಗಟ್ಟಿಯಾಗಿ ಬೆಳ್ಳಗೆ ಒಡೆಯಿತಂತೆ. ನಿಮ್ಮ ತಲೆಯೊಳಗೂ ಹೀಗೇ ಆಗುತ್ತದೆ ಎಂದು ಮಕ್ಕಳಿಗೆ ಹೇಳಿದಿರಂತೆ. ನನ್ನ ಮಗ ಫಾರೆಸ್ ಮನೆಗೆ ಬಂದವನು ಊಟದ ಹೊತ್ತಿಗೆ ನನ್ನ ಲೋಟವನ್ನೇ ದಿಟ್ಟಿಸುತ್ತಾ ಕುಳಿತ. ಏನೋ ಎಂದರೆ, "ಏನಿಲ್ಲಪ್ಪ, ಮೊಟ್ಟೆ ನೆನಪಾಯ್ತು" ಅಂದ. ಮೂರು ತಲೆಮಾರಿನ ಕಸುಬಿಗೆ ಇಂಥ ಮರ್ಯಾದೆ.

ಒಂದು ಮಾತು ತಿಳಿದುಕೊಳ್ಳಿ. ಹಳ್ಳಕ್ಕೆ ಬೀಳುವವರು ಬೈರೂತಿನ ಡಿಸ್ಕೊಗಳಲ್ಲಿ ನಿಂತುಕೊಂಡು ವಿಸ್ಕಿ ಏರಿಸುವವರು. ನಮ್ಮ ಅರಕ್ ದ್ರಾಕ್ಷಿಯದು, ಮೂರು ಸಲ ಇಳಿಸಿದ್ದು, ಕೂತು, ತಿನ್ನುತ್ತಾ, ಮಾತಾಡುತ್ತಾ ಕುಡಿಯುವಂಥದ್ದು. ಊಟದ ಜೊತೆ ಕುಡಿದದ್ದು ತಲೆಗೇರುವುದಿಲ್ಲ. ಪ್ರತಿ ಭಾನುವಾರ ಉಂಡು, ಕುಡಿದು, ಆ ಮೇಲೆ ಪಿಕಪ್ ಹತ್ತಿ ಝಹ್ಲೆ ಪೇಟೆಗೆ ಹೋಗಿ ಬರುವವನು ನಾನು.

ಸೆಪ್ಟೆಂಬರಿನಲ್ಲಿ ನನ್ನ ಮಗಳು ಜುಮಾನಾಳ ಮದುವೆ. ವಧುವಿನ ಗಾಡಿ ಓಡಿಸಬೇಕಾದವನು ತಮ್ಮ. ಆ ಹೊತ್ತಿಗೆ ಫಾರೆಸನಿಗೆ ಹದಿನೆಂಟು ತುಂಬಿರುತ್ತದೆ, ಲೈಸೆನ್ಸೂ ಬಂದಿರುತ್ತದೆ. ನಮ್ಮ ಬಾಗಿಲಿಂದ ಕೆಳಗಿನ ಚರ್ಚಿನ ತನಕ ಪ್ರತಿ ಮನೆಯವರೂ ಮೇಜು ಇಟ್ಟು, ಓಡಿಸುವವನಿಗೆಂದು ಅರಕ್ ಲೋಟ ಹಿಡಿದು ನಿಂತಿರುತ್ತಾರೆ. ಒಂದು ಮನೆಯ ಲೋಟ ಬಿಟ್ಟರೂ ಆ ಮನೆಯವರು ಸಾಯುವ ತನಕ ಮರೆಯುವುದಿಲ್ಲ. ಹುಡುಗನ ತಲೆಯಲ್ಲಿ ಮೊಟ್ಟೆ ತುಂಬಬೇಡಿ.

ಒಂದು ಕಾಲದಲ್ಲಿ ನಿಮ್ಮ ಬೆಂಚಿನಲ್ಲೇ ಪಕ್ಕದಲ್ಲಿ ಕೂತಿದ್ದ,
ನಖ್ಲೆ


೧೯ ಮಾರ್ಚ್

ನಖ್ಲೆಯವರೇ,

ಬಾಟಲಿಯನ್ನು ಬೇಕರಿಯಲ್ಲೇ ಇಟ್ಟಿದ್ದೇನೆ, ತೆಗೆದುಕೊಂಡು ಹೋಗಿ. ಅರ್ಧಕ್ಕಿಂತ ಹೆಚ್ಚು ಉಳಿದಿದೆ.

ಮೊಟ್ಟೆಯ ವಿಷಯದಲ್ಲಿ ನಿಮ್ಮ ಸಿಟ್ಟು ಸರಿ. ಅದೊಂದು ಗಿಮಿಕ್ಕು. ಮಕ್ಕಳು ನಕ್ಕರು, ಲೋಟ ಮೂಸಿದರು, ಗಂಟೆ ಹೊಡೆಯಿತು, ಹೋದರು. ನಾನು ಈ ಪಾಠವನ್ನು ಎಷ್ಟೋ ರೀತಿ ಮಾಡಿ ನೋಡಿದ್ದೇನೆ. ನುಜ್ಜುಗುಜ್ಜಾದ ಕಾರುಗಳ ಚಿತ್ರ ಗೋಡೆಗೆ ಅಂಟಿಸಿದೆ, ಹುಡುಗರು ಅದು ಯಾವ ಮಾಡೆಲ್ ಎಂದು ಪಂಥ ಕಟ್ಟಿದರು. ಪರೀಕ್ಷೆಯಲ್ಲಿ ಪ್ರಶ್ನೆ ಕೊಟ್ಟೆ. ಒಬ್ಬ ಎಲ್ಲದಕ್ಕೂ ಸರಿಯಾಗಿ ಉತ್ತರಿಸಿದ. ಎಷ್ಟು ಕುಡಿದರೆ ಕೈಗೆ ಎಷ್ಟು ತಡವಾಗುತ್ತದೆ, ಕಣ್ಣಿಗೆ ಏನಾಗುತ್ತದೆ, ಎಲ್ಲ ಬರೆದ. ಆ ವರ್ಷ ತರಗತಿಗೇ ಹೆಚ್ಚು ಅಂಕ ಅವನದು. ಆ ಬೇಸಿಗೆಯಲ್ಲೇ ಅವನು ಚಿಕ್ಕಪ್ಪನ ಮಗಳ ಮದುವೆ ಗಾಡಿ ಓಡಿಸಿದ. ಒಂದು ಮೇಜನ್ನೂ ಬಿಡಲಿಲ್ಲ. ವಧುವನ್ನು ಚರ್ಚಿನಲ್ಲಿ ಇಳಿಸಿ, ಖಾಲಿ ಗಾಡಿ ತಿರುಗಿಸಿಕೊಂಡು ಮೇಲೆ ಬರುವಾಗ ತಿರುವಿನಲ್ಲಿ ಗಾಡಿ ಕೆಳಗುರುಳಿತು.

ಆ ದಿನ ಅಲ್ಲಿಗೆ ಮೊದಲು ಓಡಿದ್ದು ನಾನು. ಅದರ ಬಗ್ಗೆ ಬರೆಯುವುದಿಲ್ಲ.

ಊರು ಏನು ಮಾಡಿತು? ದೃಷ್ಟಿ ತಾಗಿತು ಅಂದಿತು. ತಿರುವಿನಲ್ಲಿ ಸಂತರಿಗೆ ಒಂದು ಗೂಡು ಕಟ್ಟಿತು. ಸಿಮೆಂಟ್ ಕೊಟ್ಟವರು ನೀವು, ಬಣ್ಣ ಕೊಟ್ಟವಳು ನಾನು. ಈಗಲೂ ಎಲ್ಲರೂ ಅಲ್ಲಿ ಶಿಲುಬೆ ಗುರುತು ಮಾಡಿಕೊಂಡೇ ತಿರುಗುತ್ತಾರೆ, ಕುಡಿದವರೂ ಕೂಡ. ಸಂತರು ಬ್ರೇಕ್ ಒತ್ತುವುದಿಲ್ಲ, ನಖ್ಲೆಯವರೇ. ನಿಮ್ಮ ಕಾಗದವನ್ನು ನನ್ನ ಕೈಗೆ ಕೊಟ್ಟವನು ಆ ಹುಡುಗ ಇಲ್ಯಾಸನೇ. ಅಮ್ಮನ ಬೇಕರಿಯಲ್ಲಿ ಕೂತಿರುತ್ತಾನೆ. ಬಲಗೈ ನಡುಗುತ್ತದೆ, ಒಂದು ಮಾತು ಬರಬೇಕಾದರೆ ನಾವು ಕಾಯಬೇಕು. "ಟೀಚರ್, ಕಾಗದ" ಎನ್ನಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೋ, ಅಷ್ಟು ಹೊತ್ತೂ ನಾನು ನೆಲ ನೋಡುತ್ತಾ ನಿಂತಿದ್ದೆ.

ಊಟದ ಜೊತೆ ಕುಡಿದದ್ದು ತಲೆಗೇರುವುದಿಲ್ಲ ಎಂದಿರಿ. ತೋರಿಸಿ. ಈಸ್ಟರ್ ಕಳೆಯಲಿ. ಶಾಲೆಯ ಮೈದಾನಕ್ಕೆ ನಿಮ್ಮ ಪಿಕಪ್ ತನ್ನಿ, ನಿಮ್ಮ ಊಟ ತನ್ನಿ, ನಿಮ್ಮ ಅರಕ್ ತನ್ನಿ. ಊಟಕ್ಕೆ ಮೊದಲು ಒಮ್ಮೆ ಗಾಡಿ ಓಡಿಸಿ, ಊಟ ಆದಮೇಲೆ ಇನ್ನೊಮ್ಮೆ. ನನ್ನ ತರಗತಿಯ ಮಕ್ಕಳು ಶಾಲೆಯ ಮಾಳಿಗೆ ಮೇಲಿಂದ ನೋಡಲಿ. ಗೆದ್ದರೆ ನಾನು ಆ ಪಾಠವನ್ನು ಬಿಟ್ಟುಬಿಡುತ್ತೇನೆ.

ನಜ್ಲಾ


೨೪ ಏಪ್ರಿಲ್

ಟೀಚರಮ್ಮನವರಿಗೆ,

ಉಪವಾಸದ ದಿನಗಳಲ್ಲಿ ಉತ್ತರ ಬರೆದರೆ ಬೈಗುಳ ಬಂದೀತೆಂದು ತಡೆದುಕೊಂಡಿದ್ದೆ. ಹಬ್ಬವಾಯಿತು. ಒಪ್ಪಿದೆ. ಮೇ ಹನ್ನೊಂದರ ಭಾನುವಾರ, ಪೂಜೆಯ ನಂತರ.

ನೀವು ಕಳಿಸಿದ ಷರತ್ತುಗಳನ್ನೆಲ್ಲ ಓದಿದೆ. ಪಾದ್ರಿ ಬಶೀರರು ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕ್ ಹಿಡಿದಿರಬೇಕು ಎಂಬುದಕ್ಕೂ ಅಡ್ಡಿಯಿಲ್ಲ, ಪಾಪ, ಅವರಿಗೂ ಒಂದು ಸವಾರಿ ಆಗಲಿ. ದಾರಿ ಗುರುತಿಗೆ ನನ್ನ ದ್ರಾಕ್ಷಿ ಕ್ರೇಟುಗಳನ್ನೇ ಜೋಡಿಸಿ. ಊಟದ ಮೇಜು ಅಕ್ರೋಟು ಮರದ ಕೆಳಗೆ. ಅರೆದ ಕಡಲೆ, ಉಪ್ಪು ಹಚ್ಚಿದ ಹಸಿ ಬಾದಾಮಿ, ಸುಟ್ಟ ಮಾಂಸ, ಎಲ್ಲ ನನ್ನ ಹೆಂಡತಿ ಕಳಿಸುತ್ತಾಳೆ. ಅವಳಿಗಂತೂ ಯಾರ ಪಕ್ಷ ಎಂದು ಇನ್ನೂ ತೀರ್ಮಾನವಾಗಿಲ್ಲ.

ಮುಂದಿನ ಪಾಠ ಯಾವುದು ಎಂದು ಈಗಲೇ ಯೋಚಿಸಿಕೊಳ್ಳಿ.

ನಖ್ಲೆ


೨೬ ಮೇ

ನಖ್ಲೆಯವರೇ,

ಆ ಭಾನುವಾರದಿಂದ ನೀವು ಬೇಕರಿಗೂ ಬಂದಿಲ್ಲವಂತೆ. ಪೂಜೆಗೂ ಇಲ್ಲ. ಕ್ರೇಟುಗಳ ಬೆಲೆ ಕೊಡಲು ಬಂದರೆ ನಿಮ್ಮ ಮನೆಯವರು ಬೇಡವೆಂದು ಕೈಯಾಡಿಸಿದರು.

ನಿಮ್ಮನ್ನು ತಲೆತಗ್ಗಿಸುವಂತೆ ಮಾಡಬೇಕೆಂದು ನಾನು ಕರೆದಿರಲಿಲ್ಲ. ಮಕ್ಕಳು ಯಾರೂ ಊರಲ್ಲಿ ಆಡಿಕೊಂಡಿಲ್ಲ. ಕೇಳಿ ತಿಳಿದುಕೊಂಡಿದ್ದೇನೆ.

ಒಂದು ಸಾಲು ಬರೆಯಿರಿ, ಬೈದಾದರೂ.

ನಜ್ಲಾ


೯ ಜೂನ್

ನಜ್ಲಾ,

ನೀವು ಗೀವು ಸಾಕು. ಒಂದೇ ಬೆಂಚಿನಲ್ಲಿ ಕೂತು ಒಂದೇ ಪೆನ್ಸಿಲ್ ಕಚ್ಚಿದವರು ನಾವು.

ಮಕ್ಕಳು ನಕ್ಕಿದ್ದರೆ ನಾನು ಮಾರನೆಯ ದಿನವೇ ಬೇಕರಿಗೆ ಬಂದು ನಾಲ್ಕು ಮಾತು ಆಡಿ ಗೆದ್ದುಬಿಡುತ್ತಿದ್ದೆ. ಅವರು ನಗಲಿಲ್ಲ. ಅದನ್ನೇ ನಾನು ಇಷ್ಟು ದಿನ ನುಂಗಿಕೊಳ್ಳಲಾಗದೆ ಕೂತಿರುವುದು.

ಊಟಕ್ಕೆ ಮೊದಲು ಹೇಗೆ ಓಡಿಸಿದೆ, ನೀನೇ ನೋಡಿದೆ. ಒಂದು ಕ್ರೇಟೂ ಅಲುಗಲಿಲ್ಲ. ಊಟ ಚೆನ್ನಾಗಿತ್ತು, ನಿನ್ನ ಹುಡುಗಿಯರು ಬಾದಾಮಿ ಕದ್ದರು, ಪಾದ್ರಿ ಎರಡು ಸಲ ಬಡಿಸಿಕೊಂಡರು. ನಾನು ಭಾನುವಾರದ ಲೆಕ್ಕಕ್ಕಿಂತ ಒಂದು ಹನಿಯೂ ಹೆಚ್ಚು ಕುಡಿಯಲಿಲ್ಲ. ತಲೆ ತಿಳಿಯಾಗಿತ್ತು, ಮೈ ಹಗುರವಾಗಿತ್ತು. ಗಾಡಿ ಹತ್ತಿದೆ. ನಜ್ಲಾ, ಕೇಳು, ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಗಾಡಿ ಓಡಿಸಿರಲಿಲ್ಲ ಎಂದೇ ನನಗೆ ಅನ್ನಿಸಿತು. ತಿರುವುಗಳು ಬೆಣ್ಣೆಯ ಹಾಗೆ ಬಂದವು. ಪಾದ್ರಿ ಏನೋ ಕೂಗಿದರು, ಪ್ರಾರ್ಥನೆ ಇರಬೇಕು ಅಂದುಕೊಂಡೆ. ಕೆಳಗೆ ಏನೋ ಪಟಪಟ ಸದ್ದಾಯಿತು, ಒಣ ಕಡ್ಡಿ ಅಂದುಕೊಂಡೆ. ಇಳಿದು ಮಾಳಿಗೆ ಕಡೆ ನೋಡಿ, "ಕಂಡ್ರಾ?" ಎಂದು ಎರಡೂ ಕೈ ಎತ್ತಿದೆ. ಎಲ್ಲರೂ ಸುಮ್ಮನಿದ್ದರು. ಬೆರಗಾಗಿದ್ದಾರೆ ಅಂದುಕೊಂಡೆ.

ಫಾರೆಸ್ ಇಳಿದು ಬಂದು ನನ್ನ ತೋಳು ಹಿಡಿದ. ಬಯ್ಯಲಿಲ್ಲ, ಅಣಕಿಸಲಿಲ್ಲ. ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಕ್ರೇಟುಗಳ ಚೂರು ದಾರಿಯುದ್ದಕ್ಕೂ ಬಿದ್ದಿತ್ತು. ಒಂದು ಇನ್ನೂ ಚಕ್ರದ ಕೆಳಗೇ ಇತ್ತು. "ಅಪ್ಪ, ನಿಂಗೆ ಗೊತ್ತೇ ಆಗ್ಲಿಲ್ವಾ?" ಎಂದು ಕೇಳಿದ. ಅಷ್ಟೇ ಕೇಳಿದ್ದು.

ಗೊತ್ತಾಗಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಬಿದ್ದವನಿಗೆ ಬಿದ್ದೆ ಎಂದು ತಿಳಿದರೆ ಏಳುತ್ತಾನೆ. ನಾನು ಗೆದ್ದೆ ಎಂದು ಕೈ ಎತ್ತಿದ್ದೆ. ಈಗ ಯಾವ ಭಾನುವಾರ ನೆನಪಾದರೂ ಝಹ್ಲೆ ರಸ್ತೆಯಲ್ಲಿ ನನ್ನ ಎದುರಿಗೆ ಯಾರು ಯಾರು ಬಂದಿದ್ದರೋ ಎಂದು ಮೈ ಜುಮ್ಮೆನ್ನುತ್ತದೆ.

ಭಾನುವಾರ ಈಗ ಊಟವಾದ ಮೇಲೆ ಗಾಡಿ ಮುಟ್ಟುವುದಿಲ್ಲ. ಮಧ್ಯಾಹ್ನ ಮಲಗುತ್ತೇನೆ. ಹೆಂಡತಿ ಯಾರ ಪಕ್ಷ ಎಂಬುದು ತೀರ್ಮಾನವಾಗಿದೆ.

ನಖ್ಲೆ


೧೬ ಜುಲೈ

ನಖ್ಲೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಹೊಳೆಯದೆ ಇದ್ದದ್ದು ಅದರಲ್ಲಿ ಇತ್ತು. ಕುಡಿದವನಿಗೆ ಮೊದಲು ಹೋಗುವುದು ಕೈಯಲ್ಲ, ಕಾಲಲ್ಲ. ತಾನು ಸರಿಯಾಗಿದ್ದೇನೆಯೋ ಇಲ್ಲವೋ ಎಂದು ತನ್ನನ್ನೇ ನೋಡಿಕೊಳ್ಳುವ ಕಣ್ಣು. ಇಲ್ಯಾಸನೂ ಆ ದಿನ ತಿರುವಿಗೆ ಬಂದಾಗ ಚೆನ್ನಾಗಿಯೇ ಓಡಿಸುತ್ತಿದ್ದೇನೆ ಅಂದುಕೊಂಡಿದ್ದನೇನೋ. ಅವನಿಗೆ ಪಾಠ ಮರೆತಿರಲಿಲ್ಲ. ಪಾಠ ತನಗಲ್ಲ ಅನ್ನಿಸಿತ್ತು. ಇಷ್ಟು ವರ್ಷ ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆಗೆ ಇದು ಉತ್ತರ, ಸಮಾಧಾನವಲ್ಲ.

ಈಗ ಬೇಡಿಕೆಗೆ ಬರುತ್ತೇನೆ. ಮದುವೆಗೆ ಇನ್ನು ಹೆಚ್ಚು ದಿನವಿಲ್ಲ. ದಾರಿಯ ಮೇಜುಗಳ ಬಗ್ಗೆ ನೀನು ಒಂದು ಮಾತು ಹೇಳಬೇಕು. ನಾನು ಹೇಳಿದರೆ ಒಣ ಟೀಚರಮ್ಮನ ಉಪದೇಶ. ನೀನು ಅರಕ್ ಇಳಿಸುವವನು. ಓಡಿಸುವವನಿಗೆ ಹುಯ್ಯಬೇಡಿ ಎಂದು ನಿನ್ನ ಬಾಯಿಂದ ಬಂದರೆ ಊರು ಕೇಳುತ್ತದೆ.

ನಿನ್ನ ಮಗ ತರಗತಿಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ. ಜಾಣ. ಎಲ್ಲ ಪ್ರಶ್ನೆಗೂ ಸರಿಯಾಗಿ ಬರೆದಿದ್ದಾನೆ. ನನಗೆ ಭಯವಾಗುವುದೇ ಅದಕ್ಕೆ.

ನಜ್ಲಾ


೩ ಆಗಸ್ಟ್

ನಜ್ಲಾ,

ಆಗುವುದಿಲ್ಲ.

ಹೇಡಿ ಎನ್ನು, ಒಪ್ಪುತ್ತೇನೆ. ಆದರೆ ಒಮ್ಮೆ ಯೋಚಿಸು. ಮಗಳ ಮದುವೆಯ ದಿನ ಒಬ್ಬೊಬ್ಬರ ಬಾಗಿಲಿಗೂ ಹೋಗಿ ನಿಮ್ಮ ಲೋಟ ನನ್ನ ಮಗನಿಗೆ ಬೇಡ ಎನ್ನಲೇ? ಅದು ನಿಮ್ಮ ಹಾರೈಕೆ ಬೇಡ ಎಂದ ಹಾಗೆ. ಅಲ್ಲದೆ ಆ ಲೋಟಗಳಲ್ಲಿ ಇರುವುದೂ ನನ್ನ ಅರಕ್ಕೇ. ಮಾರುವಾಗ ಹೊಗಳಿ, ಕುಡಿಯುವಾಗ ಬೇಡ ಎನ್ನುವವನನ್ನು ಜನ ಏನೆಂದಾರು?

ಉಪಾಯಗಳನ್ನೆಲ್ಲ ಯೋಚಿಸಿದೆ. ಝಹ್ಲೆಯಿಂದ ಡ್ರೈವರನ್ನು ಕರೆಸೋಣವೆಂದರೆ ಜುಮಾನಾ ಅತ್ತಳು. ತಮ್ಮನಿರುವಾಗ ಬಾಡಿಗೆಯವನ ಗಾಡಿಯಲ್ಲಿ ಹೋಗಲು ನಾನೇನು ಅನಾಥಳಾ ಅಂದಳು. ಲೋಟಕ್ಕೆ ಬರೀ ನೀರು ಹಾಕಿಸೋಣವೆಂದರೆ, ಅರಕ್‌ಗೆ ನೀರು ಬೆರೆತರೆ ಹಾಲಿನ ಬಣ್ಣ, ಬರೀ ನೀರು ಆಚೆ ಬೆಟ್ಟದಿಂದಲೇ ಗುರುತು ಸಿಗುತ್ತದೆ. ಕೊನೆಗೆ ಫಾರೆಸನನ್ನು ಕರೆದು, ತುಟಿಗೆ ಮುಟ್ಟಿಸಿದ ಹಾಗೆ ಮಾಡಿ ಲೋಟ ಕೊಟ್ಟುಬಿಡು ಎಂದೆ. "ಒಂದೊಂದು ಮನೇಲೂ ಕಳ್ಳನ ಥರ ಮಾಡ್ಲಾ ಅಪ್ಪ?" ಅಂದ.

ಮೊದಲ ಮೇಜು ನಮ್ಮ ಬಾಗಿಲಿನದು. ಮೊದಲ ಲೋಟ ಹುಯ್ದು ಅವನ ಕೈಗೆ ಕೊಡಬೇಕಾದವನು ನಾನು. ಆ ದಿನ ಬರುವುದೇ ಬೇಡ ಅನ್ನಿಸುತ್ತಿದೆ. ಮಗಳ ಮದುವೆಯ ದಿನ ಬೇಡ ಅನ್ನಿಸುವ ಅಪ್ಪ ನಾನೊಬ್ಬನೇ ಇರಬೇಕು.

ಆಮಂತ್ರಣ ಇದರ ಜೊತೆಗಿದೆ.

ನಖ್ಲೆ


೮ ಸೆಪ್ಟೆಂಬರ್

ನಜ್ಲಾ,

ನೀನು ನೇರ ಚರ್ಚಿಗೆ ಹೋದೆ, ನಮ್ಮ ಬಾಗಿಲಿಗೆ ಬರಲಿಲ್ಲ. ಕೋಪ ಎಂದು ಗೊತ್ತು. ಆದ್ದರಿಂದ ಬಾಗಿಲಲ್ಲಿ ಏನಾಯಿತೆಂದು ನಾನೇ ಬರೆಯಬೇಕು. ಬೇರೆಯವರ ಬಾಯಲ್ಲಿ ಅದು ಈಗಾಗಲೇ ಬಾಲ, ಕೊಂಬು ಬೆಳೆಸಿಕೊಂಡಿದೆ.

ಜುಮಾನಾ ಗಾಡಿಯೊಳಗೆ ಕೂತಾಗಿತ್ತು. ಹಿಂದೆ ದಿಬ್ಬಣದ ಗಾಡಿಗಳ ಸಾಲು, ಹಾರನ್ನು, ಡೋಲು. ನಾನು ಲೋಟಕ್ಕೆ ಹುಯ್ದೆ. ಮೇಜಿನ ಮೇಲೂ ಒಂದಿಷ್ಟು ಚೆಲ್ಲಿತು, ಜನ ಮಗಳ ಮೇಲಿನ ಪ್ರೀತಿ ಎಂದರು. ಫಾರೆಸ್ ಇಳಿದು ಬಂದ. ಬಿಳಿ ಅಂಗಿ, ಹೊಸ ಬೂಟು, ಗಡ್ಡ ಬರದಿದ್ದರೂ ಕ್ಷೌರ ಮಾಡಿಸಿಕೊಂಡಿದ್ದ. ಲೋಟ ತೆಗೆದುಕೊಂಡ, ಎಲ್ಲರಿಗೂ ಕಾಣುವ ಹಾಗೆ ಎತ್ತಿದ. ಆಮೇಲೆ ಕುಡಿಯದೆ ಮೇಜಿನ ಮೇಲಿಟ್ಟು, ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡು ನಿಂತ.

ಡೋಲು ನಿಂತಿತು. ಯಾರಿಗೂ ಅರ್ಥ ಹೇಳಬೇಕಾಗಿರಲಿಲ್ಲ. ಜುಮಾನಾಳನ್ನು ಕೇಳಲು ಬಂದ ದಿನ ಗಂಡಿನ ದೊಡ್ಡಪ್ಪ ಕಾಫಿ ಬಟ್ಟಲನ್ನು ಹೀಗೇ ಮುಟ್ಟದೆ ಕೆಳಗಿಟ್ಟಿದ್ದರು. ನಾನು ಮಗಳನ್ನು ಕೊಟ್ಟೆ ಎಂದ ಮೇಲೆಯೇ ಎತ್ತಿ ಕುಡಿದದ್ದು. ಬಟ್ಟಲು ಕೆಳಗಿಟ್ಟವನಿಗೆ ಬೇಡಿಕೆಯಿದೆ, ಮನೆಯವನು ಕೇಳಲೇಬೇಕು. ಆದರೆ ಅದನ್ನು ಮಾಡುವವರು ನರೆತ ಹಿರಿಯರು. ಹಾಲುಗಲ್ಲದ ಹುಡುಗ ಸ್ವಂತ ಅಪ್ಪನ ಎದುರು ಅರಕ್ ಲೋಟ ಇಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಏನು ಬೇಕು ಎಂದು ಕೇಳಿದೆ.

"ಇವತ್ತು ಗಾಡಿ ಓಡಿಸೋರಿಗೆ ಯಾವ ಮನೇಲೂ ಹುಯ್ಬಾರ್ದು ಅಪ್ಪ" ಅಂದ. "ನಂಗೊಬ್ಬನಿಗೇ ಅಲ್ಲ. ಹಿಂದಿನ ಗಾಡಿಯೋರಿಗೂ. ಮೈದಾನದಲ್ಲಿ ನಿಂಗೆ ಗೊತ್ತಾಗ್ಲಿಲ್ಲ. ನಂಗೂ ಗೊತ್ತಾಗಲ್ಲ. ಅಕ್ಕ ಹಿಂದೆ ಕೂತಿರ್ತಾಳೆ."

ನೋಡು, ಊರಿನ ಎದುರು ನನ್ನ ಮಾನ ತೆಗೆದ. ಆದರೂ ನನಗೆ ಬಂದದ್ದು ಸಿಟ್ಟಲ್ಲ. ಇಷ್ಟು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ನಾನು ಹೇಳಲಾರದ ಮಾತನ್ನು ಅವನು ಹೇಳಿದ್ದ. ಅದನ್ನೂ ಯಾರ ಲೋಟವನ್ನೂ ತಿರಸ್ಕರಿಸದೆ, ನಮ್ಮದೇ ಮರ್ಯಾದೆಯ ಒಳಗೆ. "ನಿನ್ನ ಮಾತು ನಡೀತು" ಅಂದೆ.

ಆಗ ನನ್ನ ಸೋದರಮಾವ ಕೋಲು ಕುಟ್ಟಿಕೊಂಡು ಮುಂದೆ ಬಂದರು. ಬೇಡಿಕೆ ನಡೆದ ಮೇಲೆ ಇಟ್ಟವನು ಕುಡಿಯಲೇಬೇಕು, ಪದ್ಧತಿ ಅಂದರೆ ಪದ್ಧತಿ ಎಂದರು. ಫಾರೆಸನ ಮುಖ ಬಿಳಿಚಿತು. ಅಷ್ಟು ದೂರ ಅವನು ಯೋಚಿಸಿರಲಿಲ್ಲ. ಜನರೂ ಹೌದಲ್ಲ, ಹೌದಲ್ಲ ಎಂದು ಗುಜುಗುಜು ಶುರುಮಾಡಿದರು. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆ ಹೊತ್ತಿಗೆ ಎಲ್ಲಿಂದ ಮಾತು ಬಂತೋ ಕಾಣೆ, "ಕುಡೀತಾನೆ ಮಾವ, ಇಲ್ಲ ಅಂದೋರ್ಯಾರು? ವಾಪಸ್ ಬಂದು, ಕೀಲಿ ನನ್ನ ಕೈಗೆ ಕೊಟ್ಟು, ಕೂತು ಕುಡೀತಾನೆ. ವರ್ಷಗಟ್ಲೆ ಜಾಡೀಲಿ ಕಾದಿರೋ ಅರಕ್ಕು, ಸಂಜೆ ತನ್ಕ ಕಾಯಲ್ವಾ?" ಅಂದೆ. ಮೊದಲು ನಕ್ಕದ್ದು ಮಾವನೇ. ಆಮೇಲೆ ಊರೆಲ್ಲ ನಕ್ಕಿತು.

ಮುಂದಿನ ಮನೆಗಳಲ್ಲಿ ಸುದ್ದಿ ಗಾಡಿಗಿಂತ ಮೊದಲೇ ಇಳಿದಿತ್ತು. ಓಡಿಸುವವರ ಲೋಟಗಳನ್ನು ತುಂಬಿ ಹಾಗೇ ಮೇಜಿನ ಮೇಲೆ ಬಿಟ್ಟರು. ಕೆಲವರು ಮುಖ ಊದಿಸಿಕೊಂಡಿದ್ದರು, ನಿಜ. ಒಬ್ಬಾಕೆ ನನಗೆ ಇನ್ನೂ ಬೆನ್ನು ತಿರುಗಿಸಿಯೇ ಇದ್ದಾಳೆ. ಇರಲಿ. ಬೇಕರಿಯ ಮುಂದೆ ವಧುವಿನ ಗಾಡಿ ಯಾಕೋ ಬಹಳ ಹೊತ್ತು ನಿಂತಿತು. ನಾನು ಸಾಲಿನ ಕೊನೆಯ ಗಾಡಿಯಲ್ಲಿದ್ದೆ, ಏನೂ ಕಾಣಲಿಲ್ಲ, ಚರ್ಚು ತಲುಪಿದಾಗ ನೀನು ಆಗಲೇ ಒಳಗಿದ್ದೆ. ಫಾರೆಸನನ್ನು ಕೇಳಿದರೆ ಟೀಚರನ್ನೇ ಕೇಳು ಎನ್ನುತ್ತಾನೆ.

ಸಂಜೆ ಅವನು ಕೀಲಿ ಕೊಟ್ಟು ನನ್ನ ಪಕ್ಕ ಕೂತು ಆ ಲೋಟದಲ್ಲಿ ಒಂದು ಗುಟುಕು ಕುಡಿದು, ಬಿಸಿಲಿಗೆ ಕಾದು ಕೆಟ್ಟುಹೋಗಿದೆ ಅಂದ. ಉಳಿದದ್ದನ್ನು ಬಳ್ಳಿಯ ಬುಡಕ್ಕೆ ಸುರಿದೆವು.

ಮಗಳನ್ನು ಕಳಿಸಿ, ಮಗನನ್ನು ಮರಳಿ ಪಡೆದ,
ನಖ್ಲೆ


೧೦ ಸೆಪ್ಟೆಂಬರ್

ನಖ್ಲೆ,

ಕೋಪದಿಂದ ಬರಲಿಲ್ಲ. ಗಾಡಿ ನಿಮ್ಮ ಬಾಗಿಲಿಂದ ಹೊರಡುವುದನ್ನು ನೋಡುವ ಧೈರ್ಯವಿರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಕೂತು, ಬೆಟ್ಟದ ಮೇಲಿನ ಹಾರನ್ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ನಡುವೆ ಒಮ್ಮೆ ಸದ್ದು ಪೂರ್ತಿ ನಿಂತಿತು. ಬಹಳ ಹೊತ್ತು ನಿಂತಿತು. ಅಷ್ಟು ಹೊತ್ತು ಯಾವ ದಿಬ್ಬಣವೂ ಸುಮ್ಮನಿರುವುದಿಲ್ಲ.

ಆಮೇಲೆ ಗಾಡಿ ಬಂತು. ನಿಧಾನವಾಗಿ, ಸರಿಯಾಗಿ ಬಂದು ನಿಂತಿತು. ಬಾಗಿಲು ತೆರೆದು ನಿನ್ನ ಮಗ ಇಳಿದ. ಅವನ ಅಂಗಿಯ ಎದೆಯ ಮೇಲೆಲ್ಲ ಕೆಂಪು.

ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ಮೆಟ್ಟಿಲು ಹೇಗೆ ಇಳಿದೆನೋ ಅದೂ ನೆನಪಿಲ್ಲ. ಎರಡು ಕೈಯಲ್ಲೂ ಅವನ ಅಂಗಿ ಹಿಡಿದು ಎಲ್ಲಿ, ಎಲ್ಲಿ ಎಂದು ತಡವುತ್ತಿದ್ದೆ. ಅವನು ನನಗಿಂತ ಗಾಬರಿಯಾಗಿ, "ಟೀಚರ್, ಶರಬತ್ತು. ಹಿಪ್ಪುನೇರಳೆ ಶರಬತ್ತು ಟೀಚರ್. ಇಲ್ಯಾಸಣ್ಣ ಕೊಟ್ಟಿದ್ದು" ಅಂದ.

ನಡೆದದ್ದು ಇದು. ಮಗನಿಗೆ ಹಾಗಾದ ಮೇಲೆ ಇಲ್ಯಾಸನ ಅಮ್ಮ ಯಾವ ಮದುವೆಗೂ ಮೇಜು ಇಟ್ಟಿರಲಿಲ್ಲವಲ್ಲ. ನಿಮ್ಮ ಬಾಗಿಲ ಸುದ್ದಿ ಕೆಳಗಿಳಿಯುತ್ತಲೇ ಬ್ರೆಡ್ಡಿನ ಮೇಜನ್ನೇ ಎಳೆದು ಬೀದಿಗೆ ತಂದಳಂತೆ. ಶರಬತ್ತು ತಾನೇ ಹುಯ್ಯುತ್ತೇನೆಂದು ಇಲ್ಯಾಸ್ ಹಟ ಹಿಡಿದ. ಅದೂ ಬಲಗೈಯಲ್ಲೇ. ಅವನು ಹುಯ್ದು, ಎತ್ತಿ, ಗಾಡಿಯ ಪಕ್ಕಕ್ಕೆ ಬರುವ ತನಕ ದಿಬ್ಬಣ ಕಾಯಿತು, ಒಂದು ಹಾರನ್ನೂ ಆಗಲಿಲ್ಲ. ಲೋಟದಲ್ಲಿದ್ದದ್ದರಲ್ಲಿ ಮುಕ್ಕಾಲು ಫಾರೆಸನ ಮೈಮೇಲೆ ಬಿತ್ತು. "ಒರೆಸ್ಕೊಳ್ಳೋಕೆ ಹೋಗ್ಲಿಲ್ಲ ಟೀಚರ್. ಇದ್ದಷ್ಟನ್ನ ಕುಡಿದೆ" ಅಂದ ನಿನ್ನ ಮಗ. ಇಲ್ಯಾಸ್ ಅವನಿಗೆ ಏನೋ ಹೇಳಿದ್ದಾನೆ, ಅದಕ್ಕೂ ಹೊತ್ತು ಹಿಡಿದಿದೆ. "ತಿರುವಲ್ಲಿ... ನಿಧಾನ" ಎಂದು.

ಎಲ್ಲ ಕೇಳಿದ ಮೇಲೂ ನಾನು ಅಂಗೈಯನ್ನು ಮೂಗಿಗೆ ಹಿಡಿದು ನೋಡಿದೆ. ಹಿಪ್ಪುನೇರಳೆಯೇ. ಸಿಹಿಯಾಗಿ ಅಂಟುತ್ತಿತ್ತು. ಆಗ ಆ ಮೆಟ್ಟಿಲ ಮೇಲೇ ಕೂತು ಅತ್ತೆ, ನಖ್ಲೆ, ಇಷ್ಟು ವರ್ಷ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತೆ. ಜುಮಾನಾ ತನಗಿಂತ ಉದ್ದದ ಮುಸುಕನ್ನು ಎತ್ತಿಕೊಂಡು ಇಳಿದು ಬಂದು, ಟೀಚರಿಗೆ ನನ್ನ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಎಲ್ಲರಿಗೂ ಹೇಳಿದಳು.

ನಾನು ಅಲ್ಲ ಎನ್ನಲಿಲ್ಲ.

ನಿನ್ನ ಬೆಂಚಿನವಳು,
ನಜ್ಲಾ